ಅಜ್ಜಿ ಅನ್ನೋ

ಸೇಡಿನ ವಿಷಯದಲ್ಲಿ ನನ್ನನ್ನು ಮೀರಿಸುವ ಸೊಸೆ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮತ್ತೆಯೂ ಸಾಮಾನ್ಯರಲ್ಲ. ಅವರು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡುತ್ತಾರೆ. ಎರಡು ವರ್ಷ ತುಂಬಿದರೂ ಮಾತು ಬಾರದ ನನ್ನ ಮಗನಿಗೆ ಅಂಥ ಬಾಯಿ ಇಟ್ಟ ಹೆಸರು ‘ಮೂಗ’.

“ನಮ್ಮ ವಂಶದಲ್ಲಿ ಇಂಥದ್ದಿಲ್ಲಪ್ಪ. ಎಲ್ಲಾ ಇವಳ ತವರಿನ ಬಳುವಳಿ” ಎಂದು ಬಂದವರಿಗೆಲ್ಲ ಕಾಫಿಯ ಜೊತೆ ಹಂಚುತ್ತಿದ್ದರು. ಬಜೆ ತೇದು ಅವನ ನಾಲಿಗೆಗೆ ತಿಕ್ಕಿದ್ದೇ ತಿಕ್ಕಿದ್ದು.

ಡಾಕ್ಟರು ಪರೀಕ್ಷಿಸಿ ನಕ್ಕರು. “ನಾಲಿಗೆಯನ್ನು ಯಾಕಮ್ಮ ಸವೆಸ್ತೀರಿ? ಮಗುವಿಗೆ ಕಿವಿ ಕೇಳಿಸ್ತಿಲ್ಲ. ಕೇಳಿಸಿದರೆ ತಾನೇ ಮಾತು ಬರೋದು?”

ಎರಡೂ ಕಿವಿಗೆ ಯಂತ್ರ ಬಂತು. ಒಂದೊಂದಕ್ಕೂ ಪುಟ್ಟ ಗುಂಡಿ, ಒತ್ತಿದರೆ ಜಗತ್ತೇ ಗಪ್‌ಚುಪ್. ನನ್ನ ಸೇಡು ಆ ಕ್ಷಣವೇ ಸಿದ್ಧವಾಯಿತು: ಅತ್ತೆ ಬಾಯಿ ತೆರೆದಾಗಲೆಲ್ಲ ಗುಂಡಿ ಒತ್ತುವುದು. ಮೊಮ್ಮಗ ಜನ್ಮಪೂರ್ತಿ ಅವರ ಕರೆಗೆ ತಿರುಗಬಾರದು!

ಮಗ ಕುಕ್ಕರಿನ ಸೀಟಿಗೆ ಬೆಚ್ಚಿದ, ಕಾಗೆಯ ಕೂಗಿಗೆ ಕುಣಿದ. ಕೊನೆಗೊಂದು ದಿನ “ಅಮ್ಮ” ಅಂದ. ನಾನು ಅತ್ತ ಅಳುವಿಗೆ ಬೀದಿಯ ಚರಂಡಿಯೆಲ್ಲ ತುಂಬಿ ಹರಿಯಿತು.

ಅತ್ತೆ ಓಡಿ ಬಂದು ಅವನನ್ನು ತೊಡೆಗೇರಿಸಿಕೊಂಡರು.

“ಅಜ್ಜಿ ಅನ್ನೋ ಬಂಗಾರ. ಅಜ್ಜಿ... ಅನ್ನೋ! ನಿಮ್ಮಮ್ಮನ ಕಡೆಯವರ ಥರ ಪಿಳಿಪಿಳಿ ನೋಡ್ತಾ ಕೂರಬೇಡ. ಅಜ್ಜಿ ಅನ್ನೋ ಮೂಗಾ!”

ನನ್ನ ಬೆರಳು ಗುಂಡಿಯತ್ತ ಹೊರಟಿತ್ತು. ಅಷ್ಟರಲ್ಲಿ ಮಗನೇ ಎರಡೂ ಯಂತ್ರ ಕಿತ್ತು ಅಜ್ಜಿಯ ಅಂಗೈಯಲ್ಲಿಟ್ಟ.