ಪಂಚಮಿಯ ಗಂಡುಮರಿ

ಆಗಷ್ಟೇ ಹುಟ್ಟಿದ ಹಂದಿಮರಿಯನ್ನು ಖಂಡೆಪ್ಪ ಅಂಗೈಯಲ್ಲಿ ಬೋರಲು ಹಾಕಿ ಬಾಲ ಎತ್ತಿ ನೋಡಿದ. ಹೇಲುವ ದಾರಿಯೇ ಇರಲಿಲ್ಲ. ಹಾಲು ಕುಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಎರಡು ದಿನದಲ್ಲಿ ಸಾಯುತ್ತದೆ. ಬದುಕಿ ಹುಟ್ಟಿದ ಐದರಲ್ಲಿ ಇಂಥದು ಇದು ಎರಡನೆಯದು. ಉಳಿದವು ನಿಲ್ಲಲಾರದೆ ಅದುರುತ್ತಿದ್ದವು. ಸತ್ತೇ ಹುಟ್ಟಿದ ಮೂರನ್ನು ಹೆಂಡತಿ ಲಕ್ಕವ್ವ ಗೋಡೆಯ ಬದಿಗಿಟ್ಟು ಗೋಣಿಚೀಲ ಮುಚ್ಚಿದ್ದಳು.

"ಡಾಕ್ಟರ ಬಾಯಿ ಹೇಳಿದ್ದು ಖರೇ ಆತು ನೋಡ್ರಿ," ಎಂದಳು.

ದನದ ದವಾಖಾನೆಯ ಹೆಣ್ಣು ಡಾಕ್ಟರು ಹೇಳಿದ್ದು ಇಷ್ಟೇ: ಈ ದೊಡ್ಡಿಯ ಕರಿ ಹಂದಿಗಳಿಗೆಲ್ಲ ಅಪ್ಪನೂ ಅಜ್ಜನೂ ಒಂದೇ ಗಂಡು, ಹೊರಗಿನ ರಕ್ತ ಸೇರಿಸದಿದ್ದರೆ ತಳಿ ಉಳಿಯುವುದಿಲ್ಲ. ಆದರೆ ಸಿಂದಗಿಯ ಸುತ್ತ ಎಲ್ಲಿ ನೋಡಿದರೂ ಈಗ ದೊಡ್ಡ ಬಿಳಿ ಹಂದಿ. ಕರಿ ಜಾತಿಯ ಗಂಡು ಇದ್ದದ್ದು ಹೊರ್ತಿಯಲ್ಲಿ, ಖಂಡೆಪ್ಪನ ತಂಗಿ ತಿಪ್ಪವ್ವನ ಮನೆಯಲ್ಲಿ ಮಾತ್ರ.

ಅಪ್ಪ ಇರುವವರೆಗೆ ಪಂಚಮಿಗೆ ತವರಿಗೆ ಬರುವಾಗ ಅವಳು ತನ್ನದೊಂದು ಗಂಡುಮರಿ ತರುತ್ತಿದ್ದಳು, ಹೋಗುವಾಗ ಇಲ್ಲಿಯದೊಂದು ಒಯ್ಯುತ್ತಿದ್ದಳು. ಅಪ್ಪ ತೀರಿಕೊಂಡಾಗ ಹತ್ತು ಮಂದಿಯ ಎದುರು, "ಅಣ್ಣಾ, ಈ ಬದಲಿ ಬಿಡಬ್ಯಾಡ. ಮನಿ ಗಂಡೊಂದ ನಂಬಿದ್ರ ಹಂದಿ ಕೆಡ್ತಾವು, ನಿನಗದು ತಿಳ್ಯಾಂಗಿಲ್ಲ," ಎಂದುಬಿಟ್ಟಳು. ಖಂಡೆಪ್ಪನಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಇನ್ನು ನನ್ನ ಹೊಸ್ತಿಲು ತುಳಿಯಬೇಡ ಎಂದ. ಅವಳು ತುಳಿಯಲಿಲ್ಲ. ಆದರೆ ಏಳು ವರ್ಷವೂ ಪಂಚಮಿಗೆ ಯಾರದೋ ಟಂಟಂ ಗಾಡಿಯಲ್ಲಿ ಒಂದು ಗಂಡುಮರಿ ಬಂದೇ ಬಂತು, ಎಡಗಿವಿಯಲ್ಲಿ ಅವಳ ಮನೆಯ ಗುರುತಿನ ಎರಡು ಕಚ್ಚು ಹೊತ್ತುಕೊಂಡು. ಈ ಮಹಾಶಯ ಅದನ್ನು ವಾಪಸು ಕಳಿಸಿದ್ದರೂ ಆಗುತ್ತಿತ್ತು. ಬೇಕೆಂತಲೇ ವಾರದೊಳಗೆ ಬೀಜ ತೆಗೆಸಿ ಮಾಂಸಕ್ಕೆ ಬೆಳೆಸುತ್ತಿದ್ದ.

ಇವತ್ತು ಮತ್ತೆ ಪಂಚಮಿ. ಈ ಸಲದ ಮರಿಯನ್ನು ಹಾಗೆ ಮಾಡುವುದಿಲ್ಲವೆಂದು ಬೆಳಿಗ್ಗೆ ಏಳುವಾಗಲೇ ನಿಶ್ಚಯಿಸಿಕೊಂಡಿದ್ದ. ಟಂಟಂ ಬರುವ ದಾರಿಯಲ್ಲಿ ತಿಪ್ಪವ್ವ ತಾನೇ ನಡೆದು ಬಂದಳು, ತಲೆಯ ಮೇಲೆ ಬುಟ್ಟಿ.

"ಬಾರವ್ವ ಬಾ, ತವರಮನಿ ಈಗ ನೆನಪಾತೇನ?" ಲಕ್ಕವ್ವನ ಕಣ್ಣು ತುಂಬಿತು.

"ಇಂಡ್ಯಾಗ ಬಸ್ಸ ಸಿಗೋದು ತಡಾತು ಅತ್ತಿಗಿ."

ಖಂಡೆಪ್ಪನಿಗೆ ತಂಗಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಬುಟ್ಟಿಯನ್ನು ಇಳಿಸಿಕೊಂಡ. ಹಗುರವಾಗಿತ್ತು, ಸಣ್ಣ ಮರಿ ಇರಬೇಕು ಎಂದುಕೊಂಡು ಮೇಲೆ ಕಟ್ಟಿದ ಬಟ್ಟೆ ಬಿಚ್ಚಿದ. ಒಳಗೆ ಮೆತ್ತಗೆ ಹಾಸಿದ ಹುಲ್ಲಷ್ಟೇ ಇತ್ತು.

"ಮರಿ ಎಲ್ಲೈತಿ?"

"ತರಾಕ ಬಂದಿಲ್ಲಣ್ಣಾ, ಒಯ್ಯಾಕ ಬಂದೇನಿ. ಬ್ಯಾಸಗ್ಯಾಗ ಹಂದಿಜ್ವರ ಬಂತು. ಎಂಟ ದಿನದಾಗ ದೊಡ್ಡಿ ಖಾಲಿ ಆತು. ಹೆಸರಿಗೆ ಒಂದೂ ಉಳೀಲಿಲ್ಲ."

ಲಕ್ಕವ್ವ ಬಾಯಿಗೆ ಸೆರಗು ಹಿಡಿದಳು.

"ಓಣಿ ಮಂದಿ ಎಲ್ಲಾ ಅತ್ತರು ಅತ್ತಿಗಿ, ನಾ ಅಳಲಿಲ್ಲ. ನಮ್ಮಣ್ಣನ ಕಡೆ ನನ್ನವು ಏಳು ಗಂಡು ಅದಾವು, ಅವುಗಳ ಮಕ್ಕಳು ಮೊಮ್ಮಕ್ಕಳು ಅದಾವು, ನನ್ನ ಹಂದಿ ಎಲ್ಲಿ ಸತ್ತಾವು ಅಂದೆ." ಅವಳು ಅಣ್ಣನ ಕಡೆ ತಿರುಗಿದಳು. "ಒಂದು ಗಂಡುಮರಿ, ಒಂದು ಹೆಣ್ಣುಮರಿ ಕೊಡು, ಸಾಕು."

ಆಗಲೇ ಹೇಳಿಬಿಡಬೇಕಿತ್ತು. ಖಂಡೆಪ್ಪನ ಬಾಯಿಂದ ಬಂದದ್ದು, "ಮೊದಲ ಶೇಂಗಾ ಉಂಡಿ ತಿನ್ನು, ಆಮ್ಯಾಲ ನೋಡೋಣು," ಎಂಬ ಮಾತು.

ತಿಪ್ಪವ್ವ ಕೇಳಬೇಕಲ್ಲ! ಆಗಲೇ ದೊಡ್ಡಿಯೊಳಗೆ ಹೋಗಿ ಒಂದೊಂದೇ ಹಂದಿಯ ಕಿವಿ ನೋಡುತ್ತಿದ್ದಳು. ಜಾಲಿಗಿಡದ ನೆರಳಲ್ಲಿ ಕೊಬ್ಬಿದ್ದೊಂದು ಮಲಗಿತ್ತು. ಎಡಗಿವಿಗೆ ಎರಡು ಕಚ್ಚು.

"ಇದು ನಂದು! ಹ್ವಾದ ವರ್ಷದ್ದು! ಏನ ಬೆಳಸೀಯೋ ಅಣ್ಣಾ, ದೃಷ್ಟಿ ತಾಗೀತು!"

ಕುಕ್ಕರಗಾಲಲ್ಲಿ ಕೂತು ಹೊಟ್ಟೆ ಕೆರೆದಳು. ಅದು ಸುಖಕ್ಕೆ ಕಾಲು ಚಾಚಿತು. ಹಂದಿ ಸಾಕಿದವರ ಕೈ ತಾನಾಗಿ ಹೋಗುವಂತೆ ಅವಳ ಕೈ ಅದರ ಹಿಂಗಾಲುಗಳ ನಡುವೆ ಹೋಯಿತು, ಒಣಗಿದ ಗಾಯದ ಕಲೆಯ ಮೇಲೆ ನಿಂತಿತು.

ತಿಪ್ಪವ್ವ ಕತ್ತೆತ್ತಿ ಅಣ್ಣನನ್ನು ನೋಡಿದಳು.

"ಉಳಿದ ಆರು?"

"ಅವೂ ಹಿಂಗ. ಮಾರೀನಿ, ಕಡಿದೀನಿ. ನಿನ್ನ ರಕ್ತದ್ದು ಒಂದೂ ಇಲ್ಲವ್ವಾ." ಖಂಡೆಪ್ಪ ಹಂದಿಯ ಮೈಮೇಲಿನ ಹುಲ್ಲುಕಡ್ಡಿ ತೆಗೆದ. "ಸಿಟ್ಟಿತ್ತು. ವರ್ಷಾ ವರ್ಷಾ ಬರತಿತ್ತಲ್ಲ, ಮುಂದಿನ ವರ್ಷ ಮತ್ತೊಂದು ಬರತೈತಿ ಬಿಡು ಅನ್ಕೊಂತಿದ್ದೆ."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಎದ್ದು, ಹಂದಿ ನೀರು ಕುಡಿಯುವ ಕಲ್ಲುದೋಣಿಯಲ್ಲಿ ಕೈ ತೊಳೆದುಕೊಂಡು ಸೀರೆಗೆ ಒರೆಸಿಕೊಂಡಳು. ಮನೆಮಗಳನ್ನು ಹಬ್ಬದ ದಿನ ಬರಿಗೈಲಿ ಕಳಿಸಬಾರದೆಂದು ಲಕ್ಕವ್ವ ಅವಸರದಲ್ಲಿ ಜೋಳ, ಉಂಡಿ, ಕುಪ್ಪಸದ ಬಟ್ಟೆ ತಂದು ಉಡಿ ತುಂಬಿದಳು. ತಿಪ್ಪವ್ವ ಬೇಡವೆನ್ನಲಿಲ್ಲ. ಉಡಿ ಕಟ್ಟಿಕೊಂಡು ಬಸ್ಸಿನ ದಾರಿ ಹಿಡಿದಳು.

"ಯವ್ವಾ, ಬುಟ್ಟಿ ಬಿಟ್ಟಿ!" ಲಕ್ಕವ್ವ ಹಿಂದಿನಿಂದ ಕೂಗಿದಳು.

ತಿಪ್ಪವ್ವ ತಿರುಗಿ ನಿಂತಳು. ಗೋಡೆಯ ಬದಿಯ ಗೋಣಿಚೀಲಕ್ಕೆ ನೊಣ ಮುತ್ತಿದ್ದವು. ಅದನ್ನೊಮ್ಮೆ ನೋಡಿದಳು, ಅಣ್ಣ ಮತ್ತೆ ಅಂಗೈಗೆತ್ತಿಕೊಂಡಿದ್ದ, ಅದುರುತ್ತಿದ್ದ ಮರಿಯನ್ನೊಮ್ಮೆ ನೋಡಿದಳು.

"ಅಲ್ಲೇ ಇರಲಿ ಬಿಡು ಅತ್ತಿಗಿ. ಸತ್ತ ಮರಿ ಹೊತ್ತು ಹಾಕಾಕ ನಿಮಗ ಬೇಕಾಗತೈತಿ."