ನಾಲ್ಕನೆಯ ಜೊತೆ

"ಇದರ ಹೊಲಿಗೆನೂ ಸಡಿಲ," ಎಂದು ಹೆಂಡತಿ ಮೂರನೆಯ ಜೊತೆ ಚರ್ಮದ ಕೈಗವಸನ್ನೂ ಪಕ್ಕಕ್ಕೆ ತಳ್ಳಿದಳು. ಇಪ್ಪತ್ತು ವರ್ಷ ಬಟ್ಟೆ ಹೊಲಿದವಳ ಮಾತಿಗೆ ಅಂಗಡಿಯವನು ಎದುರಾಡಲಿಲ್ಲ. ಗಂಡ ಮತ್ತೆ ಕಲ್ಲು ಹೊರಲು ಹೋಗುವುದು ಅವಳಿಗೆ ಸುತರಾಂ ಇಷ್ಟವಿಲ್ಲವೆಂಬುದು ಅಂಗಡಿಯವನಿಗೇನು ಗೊತ್ತು!

ನಾಲ್ಕನೆಯದನ್ನು ಗಂಡ ತಾನೇ ಆರಿಸಿ ಹಾಕಿಕೊಂಡ. ಬಲಗೈ ಗವಸಿನ ಎರಡು ಬೆರಳು ಖಾಲಿಯಾಗಿ ನೇತಾಡಿದವು. ಅವನ ಆ ಎರಡು ಬೆರಳು ಹೋದ ವರ್ಷ ಬಂಡೆಯಡಿ ಸಿಕ್ಕಿ ಹೋಗಿದ್ದವು. ಅಂಗಡಿಯವನು ಬೇರೆಲ್ಲೋ ನೋಡಿದ. ಗಂಡ ಮೊಳೆ ತೂಗುವ ಹತ್ತು ಕಿಲೋ ತೂಕದ ಕಲ್ಲನ್ನು ಅದೇ ಕೈಯಲ್ಲಿ ಎತ್ತಿ ಹಿಡಿದ.

"ಎಷ್ಟೊತ್ತು ಹಿಡ್ಕೊಂಡು ನಿಂತಿರ್ತೀರಿ?"

"ನೀನು ಹೂಂ ಅನ್ನೋವರೆಗೂ."

ಕಲ್ಲು ಒಂದಿಂಚೂ ಕೆಳಗಿಳಿಯಲಿಲ್ಲ. ಅವಳು ಕಲ್ಲನ್ನು ಇಳಿಸಿ, ಅವನ ಕೈಯ ಗವಸು ಕಳಚಿ, ಆ ಖಾಲಿ ಬೆರಳುಗಳನ್ನು ತಿರುವಿ ನೋಡಿದಳು. "ಹೀಗೆ ನೇತಾಡ್ತಿದ್ರೆ ಬಂಡೆಗೆ ಸಿಕ್ಕೊಳ್ತವೆ," ಎಂದು ಅಂಗಡಿಯವನತ್ತ ಕೈ ಚಾಚಿದಳು. "ಕತ್ತರಿ ಕೊಡಿ."