ಗಿಣಿ ಲಾರಿ

ಅಮೃತಹಳ್ಳಿಯ ಹೊಸ ಕಂಪನಿ ಗೋಡೆ ಮೇಲೆ ನನ್ನ ಮೊಮ್ಮಗಳು ಬಿಡಿಸಿದ ಲೋಗೋ ಬಳೀತಿದ್ದಾರೆ, ನನಗೆ ಹಿಗ್ಗೋ ಹಿಗ್ಗು. ಆದ್ರೂ ಆ ಹಸಿ ಬಣ್ಣದ ವಾಸನೆಗೆ ಚಿಕ್ಕಜಾಲದ ಒಂದು ಮಧ್ಯಾಹ್ನ ನೆನಪಾಗುತ್ತೆ.

ಅಪ್ಪ ಸೋಪು ಕಂಪನಿ ಲಾರಿ ಓಡಿಸ್ತಿದ್ದ. ವಾರಕ್ಕೊಂದು ಸಲ ನಮ್ಮೂರ ಮೇಲೆ ಹಾದುಹೋಗುವಾಗ ಮಾತ್ರ ಸಿಗ್ತಿದ್ದ. "ಓದೋಕೆ ಬರದಿದ್ರೇನು, ಲಾರಿ ಮೇಲೆ ಹಸಿರು ಗಿಣಿ ಕಂಡ್ರೆ ಕೈ ಎತ್ತು," ಅಂದಿದ್ಲು ಅವ್ವ. ಅವತ್ತು ಹುಣಸೆಮರದ ಕೆಳಗೆ ಒಬ್ಬಳೇ ಕಾದೆ, ಕಾದೆ. ಒಂದು ಲಾರಿ ಮೇಲೂ ಗಿಣಿ ಇರಲಿಲ್ಲ. ಕೊನೆಗೆ ಪಕ್ಕದಲ್ಲಿ ಬರೀ ಕೆಂಪು ಚಕ್ರದ ಚಿತ್ರ ಬಿಡಿಸಿದ್ದ ಲಾರಿಯೊಂದು ಮುಂದೆ ಹೋಗಿ ನಿಂತಿತು. ಅಪ್ಪ ಇಳಿದು ಬಂದ.

"ಏನವ್ವಾ, ಅಪ್ಪನ್ನೇ ಮರೆತ್ಯಾ?"

"ಗಿಣಿ ಎಲ್ಲಪ್ಪಾ?" ಅಂತ ಅಳ್ತಾ ಕೇಳಿದೆ.

"ಕಂಪನಿಯೋರು ಗುರುತು ಬದಲಾಯಿಸಿದ್ರು ಕಣವ್ವಾ," ಅಂದ ಅಪ್ಪ. ಲಾರಿ ಹತ್ರ ಕರ್ಕೊಂಡು ಹೋಗಿ, ಉಗುರಿನಿಂದ ಆ ಚಕ್ರದ ಹಸಿ ಬಣ್ಣ ಕೆರೆದು ಒಳಗಿದ್ದ ಹಸಿರು ರೆಕ್ಕೆ ತೋರಿಸಿದ.